ಜೀಪಿನ ಪಾಟಾ ಮತ್ತು ಒಂದು ಖಾಲಿ ಕಾಲಂ

"ಸಾಹೇಬ್ರು ಬರ್ಲಿಲ್ಲೇನ್ರಿ?"

ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ಜೀಪಿನಿಂದ ಇಳಿದ ಕೂಡಲೇ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಕೇಳಿದವರು ಪರಶುರಾಮ ಮೇಸ್ತ್ರಿ. ಲಾರಿ, ಟ್ರ್ಯಾಲಿಗಳ ಹಿಂದಿನ ಚಕ್ರದ ಮೇಲೆ ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳ ಕಟ್ಟು ಇರುತ್ತದಲ್ಲ (ನಮ್ಮ ಕಡೆ ಅದಕ್ಕೆ ಪಾಟಾ ಅನ್ನುತ್ತೇವೆ), ಅದನ್ನು ಬಡಿದು, ಬಾಗಿಸಿ, ಜೋಡಿಸುತ್ತಲೇ ಕೂದಲು ಹಣ್ಣು ಮಾಡಿಕೊಂಡವರು.

"ಸಾಹೇಬ್ರು ಮನ್ಯಾಗ ಅದಾರ್ರಿ. ಜೀಪ್ ನಂದು, ಓಡಸಾಕಿನೂ ನಾನ" ಅಂದೆ.

"ಹೌದೇನ್ರಿ" ಅಂದು ಮೇಸ್ತ್ರಿ ಗೇಟಿನ ಕಡೆ ನೋಡಿದರು. ಸಾಹೇಬರು ಹಿಂದೆ ಸ್ಕೂಟರಿನಲ್ಲಿ ಬರುತ್ತಿರಬಹುದು ಅನ್ನುವ ಆಸೆ ಇನ್ನೂ ಉಳಿದಿತ್ತು ಅಂತ ಕಾಣುತ್ತದೆ.

ಈ ಅಂಕಣ ಓದುತ್ತ ಬಂದವರಿಗೆ ನನ್ನ ಹಳೆಯ ಜೀಪ್ ಹೊಸದಲ್ಲ. ನನಗೆ ಐವತ್ತೆರಡು. ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ನೆಹರು ನಗರದ ಮನೆಯಿಂದ ಕಾಲೇಜಿಗೆ, ಕಾಯಿಪಲ್ಯೆಗೆ, ನಂದಗಡದ ತವರಿಗೆ, ಎಲ್ಲದಕ್ಕೂ ಅದೇ ಜೀಪ್. ಈ ಸಲ ಅದಕ್ಕೆ ಇನ್ನೊಂದು ಕೆಲಸ ಹಚ್ಚಲು ಹೊರಟಿದ್ದೆ. ಖಾನಾಪುರದ ಹೊರಗೆ ಮುಚ್ಚಿಹೋದ ಹೆಂಚಿನ ಕಾರ್ಖಾನೆಯೊಂದಿದೆ. ಅದರ ಕಾಂಪೌಂಡಿನೊಳಗಿನ ನೇರ ರಸ್ತೆಯಲ್ಲಿ ಜೀಪುಗಳ ಡ್ರ್ಯಾಗ್ ರೇಸ್ ಇತ್ತು. ಡ್ರ್ಯಾಗ್ ರೇಸ್ ಅಂದರೆ ಏನು ಮಹಾ? ಎರಡು ಗಾಡಿ ಅಕ್ಕಪಕ್ಕ ನಿಲ್ಲಬೇಕು. ಬಾವುಟ ಬೀಸಿದ ಕೂಡಲೇ ಹೊರಡಬೇಕು. ಇನ್ನೂರು ಮೀಟರ್ ಆಚೆಯ ಗೆರೆಯನ್ನು ಮೊದಲು ದಾಟಿದವರು ಗೆದ್ದರು.

ನನ್ನ ಹಟ ಒಂದೇ. ಭಾನುವಾರ ಆ ಗೆರೆ ದಾಟಬೇಕು, ಸೋಮವಾರ ಅದೇ ಜೀಪಿನಲ್ಲಿ ಕಾಲೇಜಿಗೆ ಹೋಗಬೇಕು.

"ಈ ವಯಸ್ಸಿನಾಗ?" ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಮತ್ತ ಯಾವ ವಯಸ್ಸಿನಾಗ್ರಿ ಅಂತ ನಾನೂ ಕೇಳಿದೆ. ಇಪ್ಪತ್ತರಲ್ಲಿ ಹೊರಟಿದ್ದರೆ ಮೊದಲು ಮದುವೆ ಆಗಲಿ ಅನ್ನುತ್ತಿದ್ದರು. ಮೂವತ್ತರಲ್ಲಿ ಮಕ್ಕಳು ದೊಡ್ಡವರಾಗಲಿ ಅನ್ನುತ್ತಿದ್ದರು. ಅಷ್ಟರಲ್ಲಿ ಚಹಾ ಬಂತು, ಮಾತು ಅಲ್ಲಿಗೇ ನಿಂತಿತು.

ತೊಂದರೆ ಇದ್ದದ್ದು ಜೀಪಿನದು. ನಿಂತಲ್ಲಿಂದ ಒಮ್ಮೆಲೇ ಜೋರಾಗಿ ಹೊರಟರೆ ಹಿಂಭಾಗ ದಡದಡ ಕುಣಿಯುತ್ತಿತ್ತು. ಚಕ್ರ ನೆಲ ಬಿಟ್ಟು ಹಾರುವುದು, ಮತ್ತೆ ಬಡಿಯುವುದು. ಹಾರುವ ಚಕ್ರ ಮುಂದಕ್ಕೆ ಹೇಗೆ ತಳ್ಳೀತು? ಮೇಸ್ತ್ರಿ ಕೆಳಗೆ ಬಗ್ಗಿ ನೋಡಿ ತೀರ್ಪು ಕೊಟ್ಟರು. "ಪಾಟಾ ಸಡ್ಲ ಆಗ್ಯಾವ್ರಿ. ಒಂದ ಪಟ್ಟಿ ಜಾಸ್ತಿ ಹಾಕೂಣು."

ನಮ್ಮ ಜಿಲ್ಲೆಯಲ್ಲಿ ಪಾಟಾದ ಎಲ್ಲ ರೋಗಕ್ಕೂ ಇದೊಂದೇ ಔಷಧ. ಇಲ್ಲಿ ಪಾಟಾ ಇರುವುದೇ ಕಬ್ಬು ಹೊರಲಿಕ್ಕೆ. ಹೇರು ಹೆಚ್ಚಾದರೆ ಒಂದು ಪಟ್ಟಿ, ಇನ್ನೂ ಹೆಚ್ಚಾದರೆ ಇನ್ನೊಂದು. ನನ್ನ ಜೀಪಿನಲ್ಲಿ ಕಬ್ಬಿಲ್ಲ, ಇರುವುದು ನಾನು ಮತ್ತು ಒಂದು ಟಿಫಿನ್ ಡಬ್ಬಿ. ಅಷ್ಟು ಗೊತ್ತಿದ್ದೂ ನಾನು ಹೂಂ ಅಂದೆ. ಅವರಿಗೆ ಮೂವತ್ತು ವರ್ಷದ ಅನುಭವ, ನನ್ನದು ಪುಸ್ತಕದ ಫಿಸಿಕ್ಸ್ ಅಂತ ಸುಮ್ಮನಾದದ್ದು ನನ್ನ ತಪ್ಪು.

ಮೊದಲು ಹೊರಡುವಾಗ ಮಾತ್ರ ಕುಣಿಯುತ್ತಿದ್ದ ಜೀಪ್ ಆ ಪಟ್ಟಿ ಹಾಕಿಸಿದ ಮೇಲೆ ಎಲ್ಲ ಹೊತ್ತೂ ಕುಣಿಯತೊಡಗಿತು. ನಂದಗಡಕ್ಕೆ ಹೋಗುವಾಗ ಒಂದೊಂದು ತಗ್ಗಿಗೂ ಪಕ್ಕದಲ್ಲಿ ಕೂತ ನಮ್ಮ ಮನೆಯವರ, ಅಂದರೆ ಆ ಸಾಹೇಬರ, ತಲೆ ಜೀಪಿನ ಮೇಲಿನ ಕಂಬಿಗೆ ತಾಗುತ್ತಿತ್ತು. ಅಲ್ಲಿ ಇಳಿದು ಸೊಂಟ ಹಿಡಿದುಕೊಂಡು ನಿಂತರು. "ವಾಪಸ್ ಹೋಗೂವಾಗ ನಾ ಬಸ್ಸಿಗೆ ಬರ್ತೀನಿ" ಅಂದರು. ಹಾಗೇ ಮಾಡಿದರು ಕೂಡ.

ಮರುದಿನವೇ ಮತ್ತೆ ಆಟೋ ನಗರ. ಈ ಸಲ ಪರ್ಸಿನಲ್ಲಿ ಸೀಮೆಸುಣ್ಣ ಇತ್ತು. (ಪಾಠ ಹೇಳುವವಳ ಪರ್ಸಿನಲ್ಲಿ ಇನ್ನೇನು ಇರುತ್ತದೆ?) ಗ್ಯಾರೇಜಿನ ನೆಲದ ಮೇಲೆ ಪಾಟಾದ ಚಿತ್ರ ಬರೆದೆ. ಚಕ್ರ ಜೋರಾಗಿ ಮುಂದಕ್ಕೆ ತಿರುಗಿದಾಗ ಎರಡು ಚಕ್ರಗಳ ನಡುವಿನ ಆಕ್ಸಲ್ ತಾನು ಹಿಂದಕ್ಕೆ ತಿರುಚಿಕೊಳ್ಳಲು ನೋಡುತ್ತದೆ. ಅದರ ಜೊತೆ ಪಾಟಾದ ಮುಂದಿನ ಅರ್ಧ ಸೊಟ್ಟಗೆ ಬಾಗಿ, ಮತ್ತೆ ಪಟ್ಟನೆ ನೆಟ್ಟಗಾಗುತ್ತದೆ. ಕುಣಿತ ಹುಟ್ಟುವುದು ಅಲ್ಲಿ. ಹಾಗಾಗಿ ಮುಂದಿನ ಅರ್ಧದ ಪಟ್ಟಿಗಳನ್ನು ಕ್ಲಾಂಪ್ ಹಾಕಿ ಒಂದೇ ತುಂಡಿನಂತೆ ಬಿಗಿಯಬೇಕು. ಹಿಂದಿನ ಅರ್ಧದ ಕ್ಲಾಂಪ್ ಸಡಿಲ ಬಿಡಬೇಕು, ತಗ್ಗು ದಿನ್ನೆಗಳನ್ನು ಅದು ನುಂಗಿಕೊಳ್ಳಲಿ. ಮುಂದಿನರ್ಧ ರೇಸಿಗೆ, ಹಿಂದಿನರ್ಧ ರಸ್ತೆಗೆ.

"ಜಾಸ್ತಿ ಹಾಕಿದ ಪಟ್ಟಿ ತಗೀರಿ" ಅಂದೆ.

"ಪಟ್ಟಿ ಹಾಕ್ರಿ ಅಂತ ಬರ್ತಾರ. ತಗೀರಿ ಅಂತ ಬಂದಾಕಿ ನೀವ ಮೊದಲನೇದಾಕಿ ನೋಡ್ರಿ."

ಆದರೂ ಆ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು. ಎದ್ದು ಬೋಲ್ಟ್ ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡರು. ಪಟ್ಟಿ ತೆಗೆದರು, ಹೇಳಿದಲ್ಲಿ ಕ್ಲಾಂಪ್ ಹಾಕಿದರು. ಇನ್ನು ತುದಿಯ ಬೋಲ್ಟ್ ಬಿಗಿಯುವುದೊಂದು ಬಾಕಿ. ಬೇಗ ಬಿಗಿದು ಕೊಡಲಿ ಅಂತ ನಾನು ಅವಸರ ಮಾಡಿದೆ.

ಈಗ ಪಾಠ ಹೇಳುವ ಸರದಿ ಅವರದು. "ಜ್ಯಾಕಿನ ಮ್ಯಾಲೆ ಜೋತಾಡೂವಾಗ ಬಿಗಿದ್ರ ಒಳಗಿನ ರಬ್ಬರ್ ಬುಶ್ ತಿರುಚಿ ನಿಂತಬಿಡ್ತಾವ್ರಿ. ನಾಕ ದಿನದಾಗ ಹರೀತಾವ. ಗಾಡಿ ನೆಲದ ಮ್ಯಾಲೆ ನಿಂದರಬೇಕು, ಓಡಸಾವ್ರು ಒಳಗ ಕುಂತಿರಬೇಕು. ಕುಂದರ್ರಿ ಮ್ಯಾಡಮ್ಮಾರ. ನಿಮ್ಮ ತೂಕದ ಮ್ಯಾಲೆ ಬಿಗೀತೀನಿ."

ಜೀಪ್ ಇಳಿಸಿದರು. ನಾನು ಸ್ಟೀರಿಂಗ್ ಹಿಡಿದು ಕುಳಿತೆ. ಅವರು ಕೆಳಗೆ ಮಲಗಿ, ನನ್ನ ಭಾರಕ್ಕೆ ಪಾಟಾ ಎಷ್ಟು ಕೂರುತ್ತದೋ ಅಷ್ಟು ಕೂರಲು ಬಿಟ್ಟು, ಒಂದೊಂದೇ ಬೋಲ್ಟ್ ಬಿಗಿದರು. ನನಗೆ ಎಂಥ ಖುಷಿಯಾಯಿತು ಅಂತ ಹೇಳಲಾರೆ. ತೂಕದ ಬಗ್ಗೆ ಒಬ್ಬರು ಮಾತಾಡಿದಾಗ ಖುಷಿಯಾದದ್ದು ಜೀವನದಲ್ಲಿ ಅದೇ ಮೊದಲು.

ಭಾನುವಾರ ಬೆಳಿಗ್ಗೆ ನಾನೂ ಮನೆಯವರೂ ಖಾನಾಪುರ ಮುಟ್ಟಿದೆವು. ಹೆಲ್ಮೆಟ್ ಇತ್ತು, ಅಂಬುಲೆನ್ಸ್ ನಿಂತಿತ್ತು, ಎಲ್ಲ ಶಿಸ್ತಾಗಿತ್ತು. ಮೇಜಿನ ಹಿಂದಿದ್ದ ಸಂಘಟಕರು ಗಂಡಸರಿಗೆಲ್ಲ ಒಂದು ಹಾಳೆಯ ಫಾರಂ ಕೊಟ್ಟರು. ನನಗೆ ಎರಡು ಹಾಳೆ. ಎರಡನೆಯದರಲ್ಲಿ ಒಂದು ಕಾಲಂ: ಪತಿ ಅಥವಾ ತಂದೆಯ ಒಪ್ಪಿಗೆ ಸಹಿ. (ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಸಹಿ ತರಲು ಇನ್ನೂ ದೂರ ಹೋಗಬೇಕಿತ್ತು.)

"ತಪ್ಪ ತಿಳೀಬ್ಯಾಡ್ರಿ ವಹಿನಿ. ನಾಳೆ ಏನರ ಹೆಚ್ಚು ಕಮ್ಮಿ ಆದ್ರ ಮನ್ಯಾವ್ರು ನಮ್ಮನ್ನ ಕೇಳ್ತಾರ" ಅಂದರು ಸಂಘಟಕರು. (ವಹಿನಿ ಅಂದರೆ ಅತ್ತಿಗೆ.)

"ಗಂಡಸರಿಗೆ ಹೆಚ್ಚು ಕಮ್ಮಿ ಆಗೂದಿಲ್ಲೇನ್ರಿ?"

"ಅದು ರೂಲ್ ಐತ್ರಿ. ಸಹಿ ಇಲ್ಲಂದ್ರ ಬಿಡಾಕ ಬರೂದಿಲ್ಲ."

ನಮ್ಮ ಮನೆಯವರು ಆಗಲೇ ಕಿಸೆಯಿಂದ ಪೆನ್ನು ತೆಗೆದಿದ್ದರು. ಒಳ್ಳೆಯ ಮನುಷ್ಯ. "ಒಂದ ಸಹಿ, ಮಾಡಿ ಕೊಡ್ತೀನಿ ಬಿಡು. ಹೊತ್ತಾಗಾಕತ್ತೈತಿ."

"ಪೆನ್ ಕಿಸೆದಾಗ ಇಡ್ರಿ" ಅಂದೆ.

ನಿಜ ಹೇಳುತ್ತೇನೆ, ಅಳು ಬರುವಷ್ಟು ಸಿಟ್ಟು ಬಂದಿತ್ತು. ಎರಡು ಸಲ ಪಾಟಾ ಬಿಚ್ಚಿಸಿ ಹಾಕಿಸಿದ ಜೀಪ್ ಅಲ್ಲೇ ನಿಂತಿತ್ತು. ಓಡದೇ ವಾಪಸ್ ಹೋಗಬೇಕಾಗುತ್ತದೆ ಅಂತ ಗೊತ್ತಿತ್ತು. ಸಹಿ ಮಾಡಿಸಿಬಿಡಲೇ ಅಂತ ಒಂದು ಕ್ಷಣ ಅನ್ನಿಸಿತು ಕೂಡ. ಸಾಲು ಹಿಂದೆ ಬೆಳೆಯುತ್ತಿತ್ತು, ಒಬ್ಬರು ಹಾರ್ನ್ ಹೊಡೆದರು. ಆ ಹಾರ್ನ್ ಕೇಳಿದ ಮೇಲೆ ನಾನು ಮೇಜು ಬಿಟ್ಟು ಕದಲಲಿಲ್ಲ.

"ಹಂಗಾರ ಇಲ್ಲಿ ನಿಂತಾವ್ರೆಲ್ಲಾ ಹೆಂಡ್ತಿದೋ ತಾಯಿದೋ ಸಹಿ ತರ್ಲಿ. ಆಮ್ಯಾಲೆ ನಾನೂ ಕೊಡ್ತೀನಿ."

ಎಲ್ಲರೂ ನಕ್ಕರು. ಅವರಲ್ಲೊಬ್ಬ ದಪ್ಪ ಮೀಸೆಯ ಖಾನಾಪುರದ ಗೃಹಸ್ಥ, ಮೋಜಿಗೆ ಅಂತ ಫೋನ್ ತೆಗೆದು ಸ್ಪೀಕರ್ ಹಾಕಿ ಹೆಂಡತಿಗೆ ಹಚ್ಚಿಯೇಬಿಟ್ಟ. ಆಕೆ ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ. "ಪೀಠ ಕುಠಂ ಹಾಯ್?" ಅಂತ ಮರಾಠಿಯಲ್ಲಿ ಒಂದೇ ಪ್ರಶ್ನೆ. ಅಂದರೆ, ಹಿಟ್ಟೆಲ್ಲಿ? ಗಿರಣಿಗೆ ಹೋಗಿ ಬರುತ್ತೇನೆ ಅಂತ ಹೇಳಿ ಬಂದವನು ಅವನು. ಗೋಧಿಯ ಡಬ್ಬಿ ಅವನ ಜೀಪಿನ ಹಿಂದಿನ ಸೀಟಿನಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತಿತ್ತು.

ಅವನು ಫೋನ್ ಕಿಸೆಗೆ ಹಾಕಿಕೊಂಡ. ಉಳಿದವರು ಯಾರೂ ಫೋನ್ ತೆಗೆಯುವ ಧೈರ್ಯ ಮಾಡಲಿಲ್ಲ. ಸಂಘಟಕರು ಎರಡನೇ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಮೇಜಿನ ಡ್ರಾವರಿಗೆ ಸೇರಿಸಿದರು. "ಹೋಗ್ರಿ ವಹಿನಿ, ಗಾಡಿ ಗೆರಿಗೆ ಹಚ್ಚ್ರಿ" ಅಂದರು.

ಮೊದಲನೇ ಸುತ್ತು. ಬಾವುಟ ಬಿತ್ತು, ಕ್ಲಚ್ ಬಿಟ್ಟೆ. ಜೀಪ್ ಕುಣಿಯಲಿಲ್ಲ. ಹಿಂಭಾಗ ನೆಲಕ್ಕೆ ಕೂತು, ಬೆನ್ನಿಗೆ ಕೈ ಹಚ್ಚಿ ನೂಕಿದಂತೆ ಸೀದಾ ಹೊರಟಿತು. ಗೆದ್ದೆ. ಎರಡನೇ ಸುತ್ತಿನಲ್ಲಿ ಎದುರಾಳಿಯಾಗಿ ಬಂದವನು ಅದೇ ಗೋಧಿ ಡಬ್ಬಿಯವನು. ಒಂದು ಬಾನೆಟ್ಟಿನಷ್ಟು ಅಂತರದಲ್ಲಿ ಸೋತೆ. (ಮನೆಗೆ ಬೇಗ ಹೋಗಬೇಕಾದ ಅಗತ್ಯ ಅವನಿಗೇ ಹೆಚ್ಚಿತ್ತು.)

ವಾಪಸ್ ಬರುವಾಗ ರಸ್ತೆಯ ತಗ್ಗುಗಳು ಇದ್ದಲ್ಲೇ ಇದ್ದವು. ಮನೆಯವರ ತಲೆ ಮಾತ್ರ ಎಲ್ಲೂ ತಾಗಲಿಲ್ಲ. ಬೆಳಗಾವಿ ಹತ್ತಿರ ಬಂದಾಗ ಅವರು ಮೆಲ್ಲಗೆ ಕೇಳಿದರು. "ಖರೇ ಹೇಳು. ನಾ ಸಹಿ ಮಾಡಿದ್ರ ಏನ್ ಹೋಗ್ತಿತ್ತು? ಹೆಂಗಿದ್ರೂ ಸೋತಿ."

"ಸೋತೀನಿ. ಆದ್ರ ನೀವು ಸಹಿ ಮಾಡಿದ್ರ, ನೀವು ಹೋಗಾಕ ಬಿಟ್ಟಿದ್ದಕ್ಕ ಓಡಿ ಸೋತಾಕಿ ಆಗ್ತಿದ್ದೆ. ಈಗ ನಾನ ಓಡೀನಿ, ನಾನ ಸೋತೀನಿ."