ಎಂಟು ಗಂಟೆ ಎಂಟು ನಿಮಿಷದ ಲೈಸೆನ್ಸ್

ಕಳೆದ ಶನಿವಾರ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿರುವ ಸುಜಾತಾ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ನೀರಿಗೆಂದು ಫ್ರಿಜ್ಜಿನ ಹತ್ತಿರ ಹೋದವನು ಅದರ ಬಾಗಿಲಿಗೆ ಅಂಟಿಸಿದ್ದ ಚೀಟಿಯೊಂದನ್ನು ಓದುತ್ತಾ ನಿಂತುಬಿಟ್ಟೆ. ಅವರ ಮಗಳು ಮೇಘನಾಳ ಮದುವೆ ಕೆಲಸಗಳ ಪಟ್ಟಿ ಅದು. ಹೂವು, ಬಾಳೆಎಲೆ, ಅಪ್ಪನ ಹೊಸ ಪಂಚೆ, ಇವುಗಳ ನಡುವೆ ಒಂದು ಸಾಲು: ‘ಮಂಗಳವಾರ, ಲೈಸೆನ್ಸ್.’

ನಾನು ಓದುತ್ತಿದ್ದುದನ್ನು ಮೇಘನಾ ನೋಡಿದಳು. “ಅಂಕಲ್, ಆ ಕೌಬಾಯ್ ಸ್ಟೋರಿ ಹೇಳಿ, ಪ್ಲೀಸ್! ಅರ್ಜುನ್ ಇನ್ನೂ ಕೇಳೇ ಇಲ್ಲ” ಎಂದಳು. ಅರ್ಜುನ್ ಅವಳ ಕೈಹಿಡಿಯಲಿರುವ ಹುಡುಗ. ಕನ್ನಡ ಅರ್ಥವಾಗುತ್ತದೆ, ಮಾತಾಡಲು ನಾಚಿಕೆ.

ನನ್ನ ಮದುವೆಯ ಲೈಸೆನ್ಸಿನ ಆ ಕಥೆಯನ್ನು ಹತ್ತು ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ತಗ್ಗಿಸಬೇಕು ಎಲ್ಲವೂ ಬಾಯಿಪಾಠ. ಅಂದು ಮಾತ್ರ ಮುಕ್ಕಾಲು ಭಾಗ ಹೇಳಿ, “ಆಗ ನಾನು” ಎನ್ನುವಲ್ಲಿಗೆ ಬಂದು ನಿಂತೆ. ಆ ಮಾತು ಬರುವಾಗ ನನ್ನ ಹೆಂಡತಿ ವಿನುತಾ ಯಾವಾಗಲೂ ಎದುರಿಗೆ ಕೂತು ತಟ್ಟೆಯಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸುತ್ತಿದ್ದಳು. ಅವಳು ತೀರಿಕೊಂಡು ಒಂದು ವರ್ಷವಾಯಿತು. ಅವಳಿಲ್ಲದೆ ನಾನು ಈ ಕಥೆ ಹೇಳಹೊರಟದ್ದು ಅದೇ ಮೊದಲು.

ನಿಮಗೂ ಮೊದಲಿನಿಂದ ಹೇಳಿಬಿಡುತ್ತೇನೆ. ತೊಂಬತ್ತೊಂಬತ್ತರ ಏಪ್ರಿಲ್. ನಾನು ಹ್ಯೂಸ್ಟನ್‌ನಲ್ಲಿ ಪೈಪುಗಳ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ವಿನುತಾ ಆಸ್ಟಿನ್‌ನಲ್ಲಿ ಓದುತ್ತಿದ್ದಳು. ಹಿಂದಿನ ವರ್ಷದ ಯುಗಾದಿ ಊಟವೊಂದರಲ್ಲಿ ಪರಿಚಯವಾಗಿ, ಎರಡೂ ಮನೆಯವರು ಒಪ್ಪಿ, ಮದುವೆ ಗೊತ್ತಾಗಿತ್ತು. ಅವಳ ತಂದೆ ತಾಯಿಗೆ ವೀಸಾ ಸಿಗಲಿಲ್ಲ. ಮಾವನವರು ಅದಕ್ಕೆ ಎದೆಗುಂದುವ ಪೈಕಿಯಲ್ಲ. ಮೈಸೂರಿನಲ್ಲೊಂದು ಛತ್ರ ಹಿಡಿದರು, ನೆಂಟರನ್ನೆಲ್ಲ ಕರೆದರು, ಭಾನುವಾರ ಸಂಜೆ ಆರು ನಲವತ್ತರ ಗೋಧೂಳಿ ಮುಹೂರ್ತ ಇಟ್ಟರು. ನಮಗೆ ಅದು ಬೆಳಗಿನ ಎಂಟು ಹತ್ತು. ಆಗ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿದ್ದ ಸುಜಾತಾ ಅವರ ಮನೆಯಲ್ಲಿ ಮದುವೆ. ಅವರೇ ದಂಪತಿಗಳಾಗಿ ಇಲ್ಲಿ ಧಾರೆ ಎರೆಯುವುದು, ಅದೇ ಗಳಿಗೆಯಲ್ಲಿ ಮಾವನವರು ಫೋನ್ ಹಿಡಿದು ಅಲ್ಲಿ ನೀರು ಬಿಡುವುದು ಎಂದು ಏರ್ಪಾಡು. “ಮಗಳನ್ನ ನೋಡಕ್ಕಾಗದಿದ್ರೂ ಚಿಂತೆಯಿಲ್ಲ, ಧಾರೆ ನನ್ನ ಕೈಯಿಂದ ಆಗ್ಬೇಕು” ಎಂದಿದ್ದರು. ಅವರು ಕೇಳಿದ್ದು ಅದೊಂದನ್ನೇ.

ಬುಧವಾರ ಸಂಜೆ ಪುರೋಹಿತ ಭಟ್ಟರ ಫೋನ್ ಬಂತು. ದರ್ಭೆ, ತೆಂಗಿನಕಾಯಿ ಎಲ್ಲ ವಿಚಾರಿಸಿ, ಕೊನೆಗೆ, “ಲೈಸೆನ್ಸ್ ತಗೊಂಡಿದ್ದೀರಿ ತಾನೆ?” ಎಂದರು.

“ಓ, ಅದಿದೆಯಲ್ಲ ಭಟ್ರೆ, ಮೂರು ವರ್ಷ ಆಯ್ತು.”

“ಕಾರಿಂದಲ್ಲ ಸ್ವಾಮಿ, ಮದುವೇದು!”

ನಮ್ಮ ತಿಳಿವಳಿಕೆ ನೋಡಿ. ನಮ್ಮೂರಲ್ಲಿ ಮೊದಲು ಮದುವೆ, ಆಮೇಲೆ ರಿಜಿಸ್ಟರ್ ಕಚೇರಿ. ಲಗ್ನಪತ್ರಿಕೆ, ಹಾರ ಹಾಕಿಕೊಂಡ ಫೋಟೋ, ಸಾಕ್ಷಿಗಳನ್ನು ಕರೆದುಕೊಂಡು ಹೋಗಿ, ಆಗಿಹೋದ ಮದುವೆಯನ್ನು ಸರ್ಕಾರಕ್ಕೆ ತಿಳಿಸಿ ಬರುತ್ತೇವೆ. ಇಲ್ಲಿ ಮೊದಲು ಸರ್ಕಾರದ ಅಪ್ಪಣೆ, ಆಮೇಲೆ ಮಂತ್ರ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲೇ ಇಲ್ಲ. ಸಾಲದ್ದಕ್ಕೆ, ಲೈಸೆನ್ಸ್ ಕೊಟ್ಟ ಮೇಲೆ ಎಪ್ಪತ್ತೆರಡು ಗಂಟೆ ಕಾಯಲೇಬೇಕು. “ಅದಕ್ಕೆ ಮುಂಚೆ ನಾನು ಮಾಂಗಲ್ಯ ಮುಟ್ಟೋದಿಲ್ಲ” ಎಂದರು ಭಟ್ಟರು. ನಾನು ಬೆರಳು ಮಡಿಸಿದೆ. ಭಾನುವಾರ ಎಂಟು ಹತ್ತಕ್ಕೆ ಧಾರೆಯಾಗಬೇಕಾದರೆ ಗುರುವಾರ ಎಂಟು ಹತ್ತರೊಳಗೆ ಲೈಸೆನ್ಸ್ ಕೈಯಲ್ಲಿರಬೇಕು. ಕಚೇರಿ ತೆರೆಯುವುದೇ ಎಂಟಕ್ಕೆ. ಸಿಗುವುದು ಹತ್ತು ನಿಮಿಷ.

ಲೈಸೆನ್ಸ್ ಕೊಡುವ ಕೌಂಟಿ, ಅಂದರೆ ಜಿಲ್ಲಾ ಕಚೇರಿಗೆ ಇಬ್ಬರೂ ಒಟ್ಟಿಗೆ ಹೋಗಬೇಕು. ವಿನುತಾಗೆ ಅಂದು ರಾತ್ರಿಯವರೆಗೆ ಪರೀಕ್ಷೆ, ಮರುದಿನ ಮಧ್ಯಾಹ್ನ ಇನ್ನೊಂದು. ಅವಳು ಪರೀಕ್ಷೆ ಮುಗಿಸಿ ಬಂದ ಮೇಲೆ ನಾನು ಫೋನಿನಲ್ಲಿ ಒಂದೇ ಸಮನೆ ಒದರುತ್ತಿದ್ದೆ. ಅವಳು ಎಲ್ಲ ಕೇಳಿ, “ಯಾವ ಕೌಂಟಿದಾದ್ರೂ ಆಗತ್ತಂತಲ್ಲ? ಹಾಗಾದ್ರೆ ನೀವು ಅರ್ಧ ಬನ್ನಿ, ನಾನು ಅರ್ಧ ಬರ್ತೀನಿ” ಎಂದಳು. ಎರಡು ಊರುಗಳ ನಡುವೆ, ಹೆದ್ದಾರಿಯ ಪಕ್ಕ, ಕಲ್ಲಿನ ಕಚೇರಿಯಿರುವ ಸಣ್ಣ ಊರೊಂದನ್ನು ಅವಳೇ ನಕಾಶೆಯಲ್ಲಿ ಹುಡುಕಿದಳು.

ನನ್ನ ಜೊತೆ ರೂಮಿನಲ್ಲಿದ್ದವನು ಧಾರವಾಡದ ಬಸವರಾಜ. ಸಾಕ್ಷಿಗೆ ಬೇಕೆಂದು ಬೆಳಗಿನ ಜಾವ ಅವನನ್ನೆಬ್ಬಿಸಿ ಕೋಟು ಹಾಕಿಸಿ ಹೊರಡಿಸಿದೆ. ಲಗ್ನಪತ್ರಿಕೆಯ ಕಟ್ಟು, ಆರು ಫೋಟೋ ಬೇರೆ. ದಾರಿಯುದ್ದಕ್ಕೂ ಅವನದು ಒಂದೇ ಮಾತು: “ಅಲ್ಲಲೇ, ಮದಿವಿಗೂ ಲೈಸೆನ್ಸ್ ಅಂದ್ರ ಮೊದಲ ಲರ್ನರ್ ಕೊಡ್ತಾರೇನು? ರಿವರ್ಸ್ ಹೊಡದು ತೋರಸಬೇಕೇನು?”

ನಾವು ತಲುಪಿದಾಗ ವಿನುತಾ ಕಚೇರಿಯ ಮೆಟ್ಟಿಲ ಮೇಲೆ ಕೂತು ಡಬ್ಬಿಯಿಂದ ಮೊಸರನ್ನ ತಿನ್ನುತ್ತಿದ್ದಳು. “ತಿಂಡಿ ಆಯ್ತಾ?” ಎಂದು ನಮ್ಮನ್ನೇ ಕೇಳಿದಳು. ಬಾಗಿಲು ತೆರೆಯಿತು. ಆದರೆ ನಮಗಿಂತ ಮುಂಚೆ ಒಬ್ಬ ಮುದುಕ ನಿಂತಿದ್ದ. ಬಿಳಿ ಹ್ಯಾಟು, ಕೆಸರು ಮೆತ್ತಿದ ಬೂಟು, ಕೈಯಲ್ಲಿ ಕಾಗದಗಳ ದಪ್ಪ ಕಟ್ಟು. ದನಗಳಿಗೆ ಹಾಕುವ ಬರೆಯ ಗುರುತನ್ನು ನೋಂದಾಯಿಸಲು ಬಂದವನು. ಆ ಊರಿನಲ್ಲಿ ದನದ ಗುರುತಿಗೂ ಮದುವೆಗೂ ಒಂದೇ ಕಿಟಕಿ, ಒಬ್ಬಳೇ ಗುಮಾಸ್ತೆ. “ಮೊದಲ ದನಕ್ಕ ಮುದ್ರಿ, ಆಮ್ಯಾಲ ನಿನಗ” ಎಂದು ಬಸವರಾಜ ಕಿವಿಯಲ್ಲಿ ಹೇಳಿದ. ನನಗೆ ನಗು ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಎಂಟು ದಾಟಿತ್ತು. ಮೈಸೂರಿನ ಛತ್ರದಲ್ಲಿ ತಂಬಿಗೆ ಹಿಡಿದು ನಿಲ್ಲಲಿರುವ ಮಾವನವರು ಕಣ್ಣ ಮುಂದೆ ಬಂದರು.

ನಾನು ಹೇಳುತ್ತಾ ಬಂದ ಕಥೆಯಲ್ಲಿ “ಆಗ ನಾನು” ಬರುವುದು ಇಲ್ಲಿಯೇ. ಆಗ ನಾನು ಮುನ್ನುಗ್ಗಿ, ಆ ಕೌಬಾಯ್‌ನ ಭುಜ ತಟ್ಟಿ, ಅವನದೇ ಧಾಟಿಯ ಇಂಗ್ಲಿಷಿನಲ್ಲಿ ಮಾತಾಡಿ, ಸರದಿ ಬಿಡಿಸಿಕೊಂಡೆ. ಕೇಳಿದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಆಗ ನಾನು ಮಾಡಿದ್ದೇನೆಂದರೆ, ಗೋಡೆಗೊರಗಿ ಫೋಟೋಗಳನ್ನು ಎಣಿಸುತ್ತಿದ್ದೆ. ಆರು ಫೋಟೋ. ಎಣಿಸಿ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಅಪರಿಚಿತರ ಹತ್ತಿರ ಬಾಯಿ ಬಿಡುವುದೆಂದರೆ ನನಗೆ ಅಂದೂ ಕಷ್ಟ, ಇಂದೂ ಕಷ್ಟ.

ವಿನುತಾ ಹೋಗಿ ಮುದುಕನ ಪಕ್ಕ ನಿಂತಳು. ನಮ್ಮ ಅವಸರದ ಮಾತೇ ಎತ್ತಲಿಲ್ಲ. ಕಾಗದದ ಮೇಲಿನ ಗುರುತು ನೋಡಿ, ಇದರ ಅರ್ಥವೇನು, ನಿಮ್ಮ ಹತ್ತಿರ ಎಷ್ಟು ದನಗಳಿವೆ ಎಂದು ಕೇಳಿದಳು. ಅವನು ಹೇಳಿದ. ಅದು ಅವನ ತೀರಿಕೊಂಡ ಹೆಂಡತಿಯ ಹೆಸರಿನ ಮೊದಲ ಅಕ್ಷರವಂತೆ. ಅಷ್ಟನ್ನೂ ಕೇಳಿಸಿಕೊಂಡ ಮೇಲೆ ಅವಳು ಗಡಿಯಾರ ತೋರಿಸಿ, ಭೂಮಿಯ ಆ ಕಡೆ ತನ್ನ ಅಪ್ಪ ಒಂದು ಗಳಿಗೆ ಗೊತ್ತುಮಾಡಿರುವುದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಮುದುಕ ಹ್ಯಾಟು ತೆಗೆದ. “ನನ್ನ ದನಗಳು ಎಲ್ಲಿಗೂ ಹೋಗೋದಿಲ್ಲಮ್ಮ, ನೀನು ಮುಂದೆ ಬಾ” ಎಂದು ಪಕ್ಕಕ್ಕೆ ಸರಿದ.

ಆಮೇಲಿನದು ಸುಲಭ. ಗುಮಾಸ್ತೆ ನನ್ನ ಲಗ್ನಪತ್ರಿಕೆಯನ್ನು ತಿರುಗಿಸಿ ನೋಡಿ ಚೆನ್ನಾಗಿದೆ ಎಂದು ಹಿಂತಿರುಗಿಸಿದಳು. ಸಾಕ್ಷಿ ಬೇಡವೆಂದು ತಿಳಿದಾಗ ಬಸವರಾಜನ ಮುಖ ನೋಡಬೇಕಿತ್ತು. ಬಲಗೈ ಎತ್ತಿಸಿ, ನೀವಿಬ್ಬರೂ ರಕ್ತಸಂಬಂಧಿಗಳಲ್ಲ ತಾನೆ, ಸೋದರಮಾವ ಸೊಸೆ ಅಲ್ಲ ತಾನೆ ಎಂದು ಪ್ರಮಾಣ ಮಾಡಿಸಿದಳು. ನಮ್ಮಜ್ಜಿ ಮದುವೆಯಾದದ್ದು ತನ್ನ ಸ್ವಂತ ಸೋದರಮಾವನನ್ನೇ. ಆ ಕಿಟಕಿಯ ಮುಂದೆ ನಿಂತಿದ್ದರೆ ಇಬ್ಬರನ್ನೂ ಹೊರಗೆ ಕಳಿಸುತ್ತಿದ್ದರಲ್ಲ ಎಂದು ಯೋಚಿಸುತ್ತಾ ನಾನು ಉತ್ತರ ಕೊಡುವುದನ್ನೇ ಮರೆತೆ. “ಅಲ್ಲ ಅನ್ರೀ!” ಎಂದು ವಿನುತಾ ಮೊಣಕೈಯಿಂದ ತಿವಿದಳು. ಲೈಸೆನ್ಸಿನ ಮೇಲೆ ಬಿದ್ದ ಸಮಯ ಎಂಟು ಗಂಟೆ ಎಂಟು ನಿಮಿಷ.

ಭಾನುವಾರ ಭಟ್ಟರು ಒಂದು ಕಣ್ಣು ಆ ಕಾಗದದ ಮೇಲೆ, ಇನ್ನೊಂದು ಕೈಗಡಿಯಾರದ ಮೇಲೆ ಇಟ್ಟು ಕಾದರು. “ಸರ್ಕಾರದ ಗಡುವು ಮುಗೀತು, ಕೈ ಚಾಚಿ” ಎಂದರು. ಎರಡು ನಿಮಿಷಕ್ಕೆ ಸುಜಾತಾ ದಂಪತಿಗಳು ನಮ್ಮ ಕೈಗೆ ನೀರು ಬಿಟ್ಟರು. ಫೋನಿನಲ್ಲಿ ಆ ಕಡೆಯ ವಾಲಗದ ನಡುವೆ ಮಾವನವರ ದನಿ ಕೇಳಿತು: “ಬಿಟ್ಟೆ ಕಣಮ್ಮಾ. ಈಗ ಬಿಟ್ಟೆ.”

ಇಂಥ ಜಾಣೆಯ ಕೆಲಸವನ್ನು ನಾನು ನನ್ನದೆಂದು ಹೇಳಿಕೊಳ್ಳಲು ಶುರುಮಾಡಿದ್ದು ಯಾವಾಗ? ಮದುವೆಯಾದ ವರ್ಷ ಡಲ್ಲಾಸ್‌ನ ಸ್ನೇಹಿತರ ಮನೆಯಲ್ಲಿರಬೇಕು. ಯಾರೋ “ನೀವೇ ಮಾತಾಡಿದ್ರಾ?” ಎಂದು ಕೇಳಿದರು, ನಾನು “ಮತ್ತೆ?” ಎಂದೆ. ವಿನುತಾ ತಟ್ಟೆಯತ್ತ ತಲೆ ತಗ್ಗಿಸಿದಳು. ಆಮೇಲೆ ಬದಲಾಯಿಸಲು ಧೈರ್ಯ ಬರಲಿಲ್ಲ. ಆಸ್ಪತ್ರೆಯಲ್ಲಿ ಅವಳ ಕೊನೆಯ ದಿನಗಳಲ್ಲಿ ಹೇಳಿಬಿಡೋಣ, ಕ್ಷಮೆ ಕೇಳೋಣ ಎಂದು ಎರಡು ಸಲ ಹೊರಟು, ಅವಳ ಹಾಸಿಗೆ ಸರಿಮಾಡಿ ಕೂತೆ.

ಶನಿವಾರ ಲಿಯಾಂಡರ್‌ನಲ್ಲಿ ನಾನು ಆ ಮಾತಿಗೆ ಬಂದು ನಿಂತಾಗ ಎಲ್ಲರೂ ಕಾಯುತ್ತಿದ್ದರು. “ಆಗ ನಾನು ಏನೂ ಮಾಡಲಿಲ್ಲ. ಮಾತಾಡಿದ್ದು ವಿನುತಾ” ಎಂದೆ. ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವಳ ಮಾತುಗಳನ್ನು ಅವಳಿಗೇ ಕೊಟ್ಟೆ. ಮುಗಿಸಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೇಘನಾ ಅಮ್ಮನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, “ಅಂಕಲ್, ವಿ ಆಲ್ ನೋ. ಆಂಟಿ ಟೋಲ್ಡ್ ಅಸ್ ಲಾಂಗ್ ಬ್ಯಾಕ್” ಎಂದಳು.

“ಎಲ್ಲಾರಿಗೂ ಗೊತ್ತು” ಎಂದರು ಸುಜಾತಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಗುತ್ತಾ. “ಅಡುಗೆಮನೇಲಿ ನಮ್ಮನ್ನೆಲ್ಲ ನಿಲ್ಲಿಸ್ಕೊಂಡು ಹೇಳಿದ್ಲು. ‘ನಮ್ಮನೆಯವರು ಹೇಳೋವಾಗ ಯಾರೂ ನಗಬೇಡಿ. ನಾಲ್ಕು ಜನರ ಮುಂದೆ ಅವರು ಬಾಯಿಬಿಟ್ಟು ಮಾತಾಡೋದೇ ಅದೊಂದು ಕಥೇಲಿ’ ಅಂತ.”