ಅಪ್ಪನ ಪಾದ, ನನ್ನ ಅಂಗೈ, ಒಂದು ಜಪಾನಿ ಕುಸ್ತಿ

ಫೈಟಿಂಗ್ ಮಾಂಗಾಗಳಲ್ಲಿ ಅತ್ಯುತ್ತಮ ಅಪ್ಪ ಯಾರು ಅಂತ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದವನು ಬಸು. ಅಷ್ಟೇ ನೋಡಿ, ಭಾನುವಾರ ಬೆಳಗ್ಗೆ ಎಲ್ಲರ ಕಾಫಿಯೂ ಆರಿಹೋಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಮಾಂಗಾ ಅಂದರೆ ಜಪಾನಿನ ಚಿತ್ರಕಥೆ ಪುಸ್ತಕ. ಅದರಲ್ಲೂ ಹೊಡೆದಾಟದ ಮಾಂಗಾದ ಅಪ್ಪಂದಿರದ್ದು ಬೇರೆಯೇ ಜಾತಿ.

ಕೆಲವರು ಕಥೆ ಶುರುವಾಗುವ ಮೊದಲೇ ಮನೆ ಬಿಟ್ಟು ಹೋಗಿರುತ್ತಾರೆ. ಕೆಲವರು ಮಗನನ್ನು ಬೆಟ್ಟದಿಂದ ತಳ್ಳಿ, ಅದಕ್ಕೆ ಟ್ರೈನಿಂಗ್ ಅಂತ ಹೆಸರಿಡುತ್ತಾರೆ. ಕೊನೆಗೆ ಮಗ ಬೆಳೆದು ಬಂದು ಅದೇ ಅಪ್ಪನನ್ನು ಸೋಲಿಸಬೇಕು... ಅಲ್ಲಿಗೆ ಕಥೆ ಮುಗಿಯುತ್ತದೆ.

ಬಸು ವಿಜಯಪುರದ ಕಡೆಯ ಹುಡುಗ. ಇಲ್ಲಿ ಫುಡ್ ಡೆಲಿವರಿ ಕೆಲಸ. ಆರ್ಡರ್ ಬರುವವರೆಗೆ ಮಾರೇನಹಳ್ಳಿಯ ಹೋಟೆಲ್ ಮುಂದೆ ಬೈಕಿನ ಮೇಲೆ ಕೂತು ಮಾಂಗಾ ಓದುತ್ತಾನೆ. ಅವನ ವಾಯ್ಸ್ ಮೆಸೇಜ್ ಬಂತು. "ಅಕ್ಕಾರ, ಅಪ್ಪ ಆದಂವ ಮಗಗ ಒಂದ್ ಸಲಾನೂ ಬಿಟ್ಟು ಕೊಡಬಾರ್ದ್ರಿ. ಅಂವಾ ಖರೇ ಅಪ್ಪ."

"ಅವನು ಅಪ್ಪ ಅಲ್ಲ ಕಣೋ, ಟ್ರಾಫಿಕ್ ಪೊಲೀಸ್" ಅಂತ ಬರೆದೆ. ಎಲ್ಲರೂ ನಗುವ ಇಮೋಜಿ ಸುರಿದರು. ನಾನೂ ಬೀಗಿದೆ.

ಫೋನ್ ಕೆಳಗಿಟ್ಟರೆ ಎದುರಿಗೆ ನಮ್ಮಪ್ಪ ಮಲಗಿದ್ದಾರೆ.

ಮಂಡಿ ಆಪರೇಷನ್ ಆಗಿತ್ತು. ಈಗಲೇ ಕಾಲು ಆಡಿಸದಿದ್ದರೆ ಮಂಡಿ ಹಾಗೇ ಬಿಗಿದುಕೊಂಡುಬಿಡುತ್ತದೆ, ಆಮೇಲೆ ನಡೆಯುವುದು ಕಷ್ಟ ಅಂತ ಫಿಸಿಯೋ ಹುಡುಗಿ ನನ್ನನ್ನು ಬಾಗಿಲಾಚೆ ಕರೆದು ಹೇಳಿ ಹೋಗಿದ್ದಳು. ಅಪ್ಪ ಜಪ್ಪಯ್ಯ ಅಂದರೂ ಆಡಿಸುತ್ತಿರಲಿಲ್ಲ.

ವ್ಯಾಯಾಮ ಏನು ಮಹಾ ಅಲ್ಲ. ಅವರು ಮಲಗಿದಲ್ಲೇ ಮಂಡಿ ಮಡಿಸಬೇಕು, ನಾನು ಪಾದಕ್ಕೆ ಅಂಗೈ ಕೊಡಬೇಕು, ಅವರು ಒತ್ತಬೇಕು. ಮೊದಲ ದಿನ ಒತ್ತಿದರು. ನನ್ನ ಕೈ ಅಲುಗಲೇ ಇಲ್ಲ.

ಇವರು ಕುರುಬರಹಳ್ಳಿಯ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಪೈಲ್ವಾನ್. ಮಿಲ್ಲಿನ ಕೆಲಸ ಮುಗಿಸಿ ಗರಡಿಗೆ ಹೋಗಿ, ಮೈಯೆಲ್ಲಾ ಕೆಂಪಾಗಿ ಮನೆಗೆ ಬರುತ್ತಿದ್ದರು. ಎಣ್ಣೆ, ಅರಿಶಿನ, ಮಣ್ಣು ಬೆರೆತ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ರಸ್ತೆಯಲ್ಲಿ ಅವರ ಹಿಂದೆ ನಡೆದರೆ ನನ್ನ ಮೇಲೆ ಬಿಸಿಲೇ ಬೀಳುತ್ತಿರಲಿಲ್ಲ.

ಮಾಂಗಾದಲ್ಲಿ ಅಪ್ಪನನ್ನು ಸೋಲಿಸುವುದಕ್ಕೆ ನೂರಾರು ಅಧ್ಯಾಯ ಬೇಕು. ನನಗೆ ಒಂದು ಅಂಗೈ ಸಾಕಾಯಿತು. ಚೂರೂ ಖುಷಿಯಾಗಲಿಲ್ಲ, ಅಡುಗೆಮನೆಗೆ ಹೋದರೆ ಅಳು ಬಂತು.

"ಬೆನ್ನು ನೆಲಕ್ಕೆ ಬಿತ್ತು ಕಣಮ್ಮಾ. ಮುಗೀತು, ಬಿಡು" ಅಂದು ಅಪ್ಪ ಗೋಡೆ ಕಡೆ ಮುಖ ತಿರುಗಿಸಿದ್ದರು.

ಅದು ಗರಡಿಯವರ ಲೆಕ್ಕ. ನಾಡಕುಸ್ತಿಯಲ್ಲಿ ಬೆನ್ನು ಒಂದು ಸಲ ಮಣ್ಣು ಮುಟ್ಟಿದರೆ ಚಿತ್. ಎದ್ದು, ಮೈ ಒರೆಸಿಕೊಂಡು ಮನೆಗೆ ನಡೆಯಬೇಕು.

ಆ ಭಾನುವಾರ ಮಧ್ಯಾಹ್ನ ಗ್ರೂಪಿನ ಜಗಳ ಮಾಂಗಾದಿಂದ ಜಪಾನಿ ರೆಸ್ಲಿಂಗಿಗೆ ಹೊರಳಿತ್ತು. ಬಸು ಒಂದು ಹಳೆಯ ಮ್ಯಾಚಿನ ಲಿಂಕ್ ಹಾಕಿದ. ನಾನು ಅದನ್ನು ಟಿವಿಗೆ ಹಾಕಿದೆ.

ಒಬ್ಬ ಹುಡುಗ. ಇನ್ನೊಬ್ಬ ವಯಸ್ಸಾದವನು, ಎರಡೂ ಮಂಡಿಗೆ ದಪ್ಪ ಪಟ್ಟಿ. ಇಬ್ಬರೂ ಸರದಿ ಪ್ರಕಾರ ಎದೆ ಕೊಟ್ಟು ಹೊಡೆಸಿಕೊಳ್ಳುತ್ತಾರೆ. ಚಟೀರ್ ಚಟೀರ್ ಅನ್ನುವ ಆ ಸದ್ದಿಗೆ ಅಪ್ಪ ಗೋಡೆ ಬಿಟ್ಟು ಇತ್ತ ತಿರುಗಿದರು.

ಹುಡುಗ ವಯಸ್ಸಾದವನನ್ನು ಎತ್ತಿ ಒಗೆದ. ಬೆನ್ನು ಧಪ್ಪನೆ ಬಿತ್ತು.

"ಚಿತ್ ಆಯ್ತು. ಆಫ್ ಮಾಡು" ಅಂದರು ಅಪ್ಪ.

"ಇಲ್ಲಪ್ಪಾ, ಇಲ್ಲಿ ರೆಫ್ರಿ ಮೂರು ಎಣಿಸೋವರ್ಗೂ ಟೈಮಿದೆ."

ಇನ್ನೇನು ಮೂರು ಅನ್ನಬೇಕು, ಅಷ್ಟರಲ್ಲಿ ವಯಸ್ಸಾದವನು ಭುಜ ಎತ್ತಿದ. ಅಪ್ಪನಿಗೆ ಕೋಪವೇ ಬಂತು. "ಇದ್ಯಾವ ಸೀಮೆ ರೂಲ್ಸು! ಮೋಸ ಇದು."

ಅವನು ಮತ್ತೆ ಬಿದ್ದ. ಅಪ್ಪ ಮತ್ತೆ "ಚಿತ್" ಅಂದರು. ಅವನು ಮತ್ತೆ ಎದ್ದ. ಹೀಗೇ ಸುಮಾರು ಹೊತ್ತು ನಡೆಯಿತು. ಆಮೇಲೆ ನೋಡಿದರೆ ಅಪ್ಪ ಚಿತ್ ಅನ್ನುವುದನ್ನೇ ಬಿಟ್ಟಿದ್ದಾರೆ. ಮೊಣಕೈ ಊರಿ ಅರ್ಧ ಎದ್ದು, "ಏಳಯ್ಯಾ... ಏಳು, ಏಳು" ಅನ್ನುತ್ತಿದ್ದಾರೆ!

ಕೊನೆಗೆ ವಯಸ್ಸಾದವನೇ ಸೋತ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ಮತ್ತೆ ದಿಂಬಿಗೆ ಒರಗಿದರು. ಯಾಕಾದರೂ ಈ ಮ್ಯಾಚ್ ಹಾಕಿದೆನೋ ಅಂತ ನನ್ನನ್ನು ನಾನೇ ಬೈದುಕೊಂಡೆ.

"ಆ ಹುಡ್ಗ ಎತ್ತಿ ಹಾಕೋವಾಗ ಪೆಟ್ಟಾಗ್ಬಾರ್ದು ಅಂತ ಒಂದ್ ಕೈ ಅವನ ಕತ್ತಿನ ಕೆಳ್ಗೆ ಕೊಟ್ಟಿದ್ದ, ನೋಡಿದ್ಯಾ?" ಅಂದರು ಟಿವಿಯಿಂದ ಕಣ್ಣು ತೆಗೆಯದೆ. ಆಮೇಲೆ ಕಷ್ಟಪಟ್ಟು ಮಂಡಿ ಮಡಿಸಿದರು. "ಸರಿ. ಕೈ ಕೊಡು."

ಪಾದಕ್ಕೆ ಅಂಗೈ ಕೊಟ್ಟೆ. ಒತ್ತಿದರು. ಮಗುವಿನ ಒತ್ತಿನಷ್ಟೂ ಇಲ್ಲ. ಆದರೂ ಅವರು ತಾವಾಗಿಯೇ ಕೇಳಿದ್ದರಲ್ಲ... ನಾನು ಹಲ್ಲು ಕಚ್ಚಿ, ಅಬ್ಬಾ ಅಂತ ನರಳಿ, ಕೈಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟೆ.

ಪಾದ ಅಲ್ಲೇ ನಿಂತಿತು.

"ಏಯ್, ಗಟ್ಟಿಯಾಗ್ ಹಿಡ್ಕೋ. ಬೇಕಂತ ಸೋಲೋದು ನನ್ಗೆ ಗೊತ್ತಾಗಲ್ವಾ? ಚಿಕ್ಕೋಳಿದ್ದಾಗ ನಿನ್ ಹತ್ರ ಎಷ್ಟ್ ಸಲ ಸೋತಿದೀನಿ!"

ಹಾಸಿಗೆ ಮೇಲೆ ಪೈಲ್ವಾನನನ್ನೇ ಕೆಡವಿದೆ ಅಂತ ಸ್ಕೂಲಿಗೆಲ್ಲಾ ಡಂಗುರ ಸಾರಿದವಳು ನಾನು. ದೊಡ್ಡವಳಾದ ಮೇಲೆ ನಿಜ ಅರ್ಥವಾಗಿತ್ತು, ಆದರೂ ಅದರಲ್ಲಿ ಒಂದಾದರೂ ಸಾಚಾ ಇದ್ದೀತು ಅಂತ ಒಳಗೊಳಗೇ ನಂಬಿಕೊಂಡಿದ್ದೆ. ಅದೂ ಹೋಯಿತು. ನಗುವುದೋ ಅಳುವುದೋ ತಿಳಿಯಲಿಲ್ಲ.

ಗಟ್ಟಿಯಾಗಿ ಹಿಡಿದೆ. ಒತ್ತಿದರು, ಆಗಲಿಲ್ಲ. ಮತ್ತೆ ಒತ್ತಿದರು. ಹಣೆಯಲ್ಲಿ ಬೆವರು ಮೂಡಿತು. ಎಷ್ಟೋ ವರ್ಷಗಳ ಮೇಲೆ ಅಪ್ಪ ಬೆವರಿದ್ದನ್ನು ನೋಡಿದೆ.

ಈಗ ಬೆಳಗಾದರೆ ಅವರೇ ನನ್ನನ್ನು ಕೂಗುತ್ತಾರೆ. ನಿನ್ನೆ ನನ್ನ ಕೈ ಒಂದು ಬೆರಳಿನಷ್ಟು ಹಿಂದೆ ಸರಿಯಿತು. ಆಣೆಗೂ ನಾನು ಬಿಟ್ಟುಕೊಟ್ಟಿದ್ದಲ್ಲ.

ನಿಮ್ಮಪ್ಪ ನಿಮ್ಮ ಹತ್ತಿರ ಬೇಕಂತಲೇ ಸೋಲುತ್ತಿದ್ದರು ಅಂತ ನಿಮಗೆ ಯಾವಾಗ ಗೊತ್ತಾಯಿತು?