ಮೊಮ್ಮಗಳ ಬೈಕಿಗೆ ಗಾರ್ಡ್ ಕೂರಿಸಿದ ದಿನ

ನನ್ನ ಮೊಮ್ಮಗಳಿಗೆ ದನದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆತನದವರೆಲ್ಲ ಕುರಿ ಕಾಯ್ದವರೇ. ಕುರಿಗೆ ಸೂಜಿ ಹಾಕುವ ಕೆಲಸಕ್ಕೆ ಸೇರಿದವಳು ಇವಳೊಬ್ಬಳು. ಸುದ್ದಿ ಬಂದಾಗಿನಿಂದ ಖುಷಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಆದರೆ ಹಿಂದಿನ ವಾರವಷ್ಟೇ ಅವಳು ಜಲ್ಲಿಯಲ್ಲಿ ಜಾರಿ ಬಿದ್ದು, ಕಾಲು ಬೈಕಿನ ಕೆಳಗೆ ಸಿಕ್ಕಿ ಮೀನಖಂಡ ನೀಲಿಗಟ್ಟಿತ್ತು. ಬಿದ್ದರೆ ಕಾಲು ಕಾಯುವ ಕ್ರ್ಯಾಶ್ ಗಾರ್ಡ್ ಹಾಕಿಸದೆ ಕಳಿಸುವುದಿಲ್ಲ ಎಂದು ನಾನು ಹಟ ಹಿಡಿದೆ. ಹಾಜರಾಗಬೇಕಾದ ದಿನ ಬೆಳಿಗ್ಗೆ ಅವಳ ಹಿಂದೆಯೇ ಕೂತು ಚಳ್ಳಕೆರೆಯ ಮೆಕ್ಯಾನಿಕ್ ಅಂಗಡಿಗೆ ಬಂದೆ. ಮಧ್ಯಾಹ್ನ ಮೂರು ಗಂಟೆಯೊಳಗೆ ಅವಳು ದೇವಸಮುದ್ರದ ಆಸ್ಪತ್ರೆಯಲ್ಲಿರಬೇಕು.

ಹಳೇ ಬೈಕಿಗೆ ಒಪ್ಪುವ ಗಾರ್ಡ್ ಸಿಗಲಿಲ್ಲ. ಮೆಕ್ಯಾನಿಕ್ ಬೇರೆ ಗಾಡಿಯದೊಂದನ್ನು ತಂದ. ಅದಕ್ಕೆ ಹಾರನ್ ಅಡ್ಡ ಬಂತು. ಹಾರನ್ ಬಿಚ್ಚಲು ಮನಸ್ಸಿಲ್ಲದೆ ಗಾರ್ಡನ್ನೇ ಮುಂದಕ್ಕೆ ತಳ್ಳಿ ಬಿಗಿದ. ನಾನು ಅಂಗಡಿಗೂ ರಸ್ತೆಗೂ ಓಡಾಡುತ್ತ ಸಿಕ್ಕವರನ್ನೆಲ್ಲ ಗಂಟೆ ಕೇಳುತ್ತಿದ್ದೆ.

"ಅಜ್ಜೀ, ಒಂದ್ಕಡೆ ಕೂತ್ಕೊ. ನಿನ್ನ ನೋಡಿ ನನಗೆ ತಲೆ ತಿರುಗ್ತೈತೆ" ಎಂದಳು ಮೊಮ್ಮಗಳು.

ಬೈಕು ಸ್ಟ್ಯಾಂಡಿನ ಮೇಲೆ ನಿಂತಿದ್ದಾಗಲೇ ಮೆಕ್ಯಾನಿಕ್ ಹ್ಯಾಂಡಲ್ ಅತ್ತಿತ್ತ ತಿರುಗಿಸಿ, ಆಯಿತು ಎಂದ. ನನಗೆ ಸಮಾಧಾನವಾಗಲಿಲ್ಲ. ಕುರಿಮಂದೆಯ ಜೊತೆ ಅಲೆಯುತ್ತಿದ್ದ ಕಾಲದಲ್ಲಿ ಕತ್ತೆಯ ಮೇಲೆ ಹೊರೆ ಕಟ್ಟಿದವಳು ನಾನು. ನಿಂತ ಕತ್ತೆಗೆ ಯಾವ ಹೊರೆಯೂ ಸರಿಯೇ. ಹಳ್ಳ ಇಳಿಯುವಾಗಲೇ ಎಲ್ಲಿ ಉಜ್ಜುತ್ತದೆಂದು ತಿಳಿಯುವುದು. ಸ್ಟ್ಯಾಂಡಿನಿಂದ ಇಳಿಸಿ ನೋಡೋಣ ಎಂದೆ.

"ಇದು ಕತ್ತೆಯಲ್ಲ ಅಜ್ಜಿ, ಬೈಕು" ಎಂದು ಅವನು ನಕ್ಕ.

"ಎರಡೂ ಹೊರೆ ಹೊರೋವೇ ಕಣಪ್ಪ. ಇಳಿಸು, ನಾವಿಬ್ರೂ ಕೂರ್ತೀವಿ."

ಇಬ್ಬರೂ ಕೂತೆವು. ಮೊಮ್ಮಗಳು ಮುಂದಿನ ಬ್ರೇಕ್ ಹಿಡಿದಳು, ಅವನು ಹ್ಯಾಂಡಲ್ ಮೇಲೆ ಭಾರ ಬಿಟ್ಟು ಕೆಳಕ್ಕೆ ಒತ್ತಿದ. ಗಾಡಿಯ ಮೂತಿ ತಗ್ಗಿತು, ಮಡ್‌ಗಾರ್ಡಿನ ಅಂಚು ಗಾರ್ಡಿನ ಪೈಪಿಗೆ ಟಣ್ಣನೆ ಬಡಿಯಿತು. ಗುಂಡಿಯೊಂದರಲ್ಲಿ ಹೀಗೆ ಸಿಕ್ಕಿಕೊಂಡರೆ? ಕಾಲು ಉಳಿಸಲೆಂದು ಹಾಕಿದ್ದೇ ಅವಳನ್ನು ಕೆಡವುತ್ತಿತ್ತು. ಅವನ ನಗು ನಿಂತಿತು. ಎಲ್ಲ ಬಿಚ್ಚಿದ. ಹಾರನ್ನನ್ನು ದೀಪದ ಕೆಳಗೆ ಏರಿಸಿ ಗಾರ್ಡನ್ನು ಹಿಂದಕ್ಕೆ ಎಳೆದು ಕೂರಿಸಿದ. ಮೊಮ್ಮಗಳು ಹೊಸ ಶೂ ಹಾಕಿಕೊಂಡು ಗೇರ್ ಒತ್ತಿ ನೋಡಿದಳು, ಶೂ ತುದಿ ಪೈಪಿಗೆ ತಾಗಲಿಲ್ಲ. ಮತ್ತೆ ಇಬ್ಬರೂ ಕೂತು ಒತ್ತಿಸಿದೆವು. ಸದ್ದಿಲ್ಲ.

ಅಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ದಾರಿಯಲ್ಲಿ ತಳಕಿನ ಬಸ್ ನಿಲ್ದಾಣದಲ್ಲಿ ನನ್ನನ್ನು ಇಳಿಸಿ, ತಿರುಗಿಯೂ ನೋಡದೆ ಹೋದಳು. ನಮ್ಮೂರ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ, ಬಸ್ಸಿನ ಸದ್ದಿನಲ್ಲಿ ಫೋನ್ ಕೇಳಿಸದಿದ್ದರೆ?

ಮೂರಕ್ಕೆ ಸ್ವಲ್ಪ ಮುಂಚೆ ಫೋನ್ ಬಂತು. "ಅಜ್ಜೀ, ಸಹಿ ಹಾಕ್ದೆ. ಒಳಗೆ ಕರೀತಾವ್ರೆ, ಇಡ್ತೀನಿ."

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಯಾರೋ ನನಗೆ ಗೊತ್ತಿಲ್ಲ. ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಮೊದಲಿನಿಂದ ಹೇಳತೊಡಗಿದೆ.